ಹಿರ್ಷ್ ಹಚ್ಚಿಟ್ಟ ದೀಪ

ನಮ್ಮತ್ತೆ ತೀರಿಕೊಂಡ ಸುದ್ದಿ ನಮಗೆ ಮೊದಲು ತಿಳಿದದ್ದು ಒಲೆಯಿಂದ. ನನ್ನ ಮೇಲೆ ಮುನಿಸಿಕೊಂಡು ಮಗಳ ಊರಿಗೆ ಹೊರಟ ಮುದುಕಿ, ಹೋಗುವ ಮುಂಚೆ ಅಡುಗೆಮನೆಯ ಒಲೆಯನ್ನು ತಾನೇ ಹಚ್ಚಿ, ಆರಿಸದೆ ಗಾಡಿ ಹತ್ತಿದ್ದಳು. ಅದು ಬೇಕೆಂದೇ ಮಾಡಿದ ಕೆಲಸ. ನಮ್ಮೂರಿನಲ್ಲಿ ಬೆಂಕಿ ಹಚ್ಚಿದವರೇ ಆರಿಸಬೇಕು. ಬೇರೆಯವರು ಊದಿದರೂ, ನೀರು ಹೊಯ್ದರೂ, ಮಣ್ಣು ಮುಚ್ಚಿದರೂ ಅದು ಕೇಳುವುದಿಲ್ಲ. ಸೌದೆ ಎಳೆದುಬಿಟ್ಟರೆ ಹೆಸರುಕಾಳಿನಷ್ಟಾಗಿ ಬೂದಿಯಲ್ಲಿ ಕೂತಿರುತ್ತದೆ, ಸಾಯುವುದಿಲ್ಲ. ಆ ಬೇಸಿಗೆಯಿಡೀ ಆ ಕಾಳಿನಷ್ಟು ಕಿಡಿ ನಾನು ಉಪ್ಪು ಎಷ್ಟು ಹಾಕುತ್ತೇನೆಂದು ನೋಡುತ್ತ ಕೂತಿತ್ತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮತ್ತೆ ಎರಡೂ ಕಾಲವನ್ನು ತಾನೇ ಇಟ್ಟುಕೊಂಡಿದ್ದಳು. ಒಂದು ದಿನ ಅದೇ ಒಲೆಗೆ ಸೌದೆ ಹಾಕಿ ಹಾಲು ಕಾಯಿಸುತ್ತಿದ್ದಾಗ ಬೆಂಕಿ ಇದ್ದಕ್ಕಿದ್ದಂತೆ ಆರಿತು. ನನ್ನ ಗಂಡ ಲುಬಾನ್ ಒಲೆಯನ್ನೇ ನೋಡುತ್ತ ನಿಂತಿದ್ದವರು ನೆಲದ ಮೇಲೆ ಕೂತು ಅಳತೊಡಗಿದರು. ಕಾಗದ ಬಂದದ್ದು ಎಷ್ಟೋ ದಿನದ ಮೇಲೆ.

ಹೀಗಾಗಿ ನಮ್ಮೂರಿನವರು ಕಡ್ಡಿ ಗೀರುವ ಮುಂಚೆ ಯೋಚಿಸುತ್ತಾರೆ. ಮನೆ ಖಾಲಿ ಮಾಡುವ ಬಾಡಿಗೆದಾರ ಒಲೆ ಆರಿಸಿ ತೋರಿಸಿ ಹೋಗಬೇಕು. ಜಗಳವಾಡಿದ ಗಂಡಹೆಂಡಿರು ದೀಪ ಆರಿಸುವ ನೆಪದಲ್ಲಾದರೂ ಮಾತಾಡಲೇಬೇಕು. ದೂರ ಹೋಗುವವರು ಹೊಸಿಲು ದಾಟುವ ಮುಂಚೆ ಒಂದು ದೀಪ ಹಚ್ಚಿಟ್ಟು ಹೋಗುತ್ತಾರೆ. ಅದು ಉರಿಯುತ್ತಿರುವಷ್ಟು ದಿನ, ಕಾಗದ ಬರಲಿಲ್ಲವೆಂದು ಮನೆಯವರು ಕಂಗಾಲಾಗುವುದಿಲ್ಲ. ಹೊರಗಿನವರು ಕೇಳಿದರೆ ನಗುತ್ತಾರೆ. ನಮಗೆ ಅದು ನೀರು ಇಳಿಜಾರಿಗೆ ಹರಿದಷ್ಟೇ ಸಹಜ.

ನಾನೂ ಲುಬಾನರೂ ರೊಟ್ಟಿ ಅಂಗಡಿ ನಡೆಸುತ್ತಿದ್ದೆವು. ನಮ್ಮ ಭಟ್ಟಿಯ ಹಿಂದಿನ ಓಣಿ ಯಹೂದಿಗಳದು. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ಹೊತ್ತು ಮುಳುಗುವವರೆಗೆ ಅವರು ಬೆಂಕಿಯ ಕೆಲಸಕ್ಕೆ ಕೈ ಹಾಕುವುದಿಲ್ಲ. ಅದಕ್ಕೇ ಶುಕ್ರವಾರ ಮಧ್ಯಾಹ್ನ ಅವರ ಹೆಂಗಸರು ಕಾಳು, ಮಾಂಸ, ಜವೆಗೋಧಿ ತುಂಬಿ ಬಾಯಿಗೆ ಕಣಕ ಮೆತ್ತಿದ ಗಡಿಗೆಗಳನ್ನು ತಂದು ನಮ್ಮ ಭಟ್ಟಿಯಲ್ಲಿಡುತ್ತಿದ್ದರು. ರಾತ್ರಿಯೆಲ್ಲ ಅವು ಒಳಗೇ ಬೇಯುತ್ತಿದ್ದವು, ಮರುದಿನ ಊಟದ ಹೊತ್ತಿಗೆ ಬಂದು ಒಯ್ಯುತ್ತಿದ್ದರು. ಬಾಚಣಿಗೆ ಮಾಡುವ ಹಿರ್ಷ್‌ನ ಹೆಂಡತಿ ಗಿಟ್ಟೆಲ್‌ಳ ಗಡಿಗೆ ಮಾತ್ರ ವಾರವಾರವೂ ಉಕ್ಕಿ ನನ್ನ ಭಟ್ಟಿಯ ನೆಲ ಹಾಳು ಮಾಡುತ್ತಿತ್ತು. ಗಡಿಗೆಗೂ ಒಂದು ಅಳತೆ ಇದೆಯಮ್ಮ ಎಂದು ನಾನು ಬೈದರೆ, ಹೊಟ್ಟೆಗಿಲ್ಲದ ಅಳತೆ ಗಡಿಗೆಗೆ ಯಾಕೆ ಎಂದು ಅವಳು ಹಲ್ಲು ಕಿರಿಯುತ್ತಿದ್ದಳು. ಅವಳಿಗೆ ಬಾಯಿ ಜಾಸ್ತಿ. ಹಿರ್ಷ್‌ಗೆ ಬಾಯೇ ಇರಲಿಲ್ಲ. ಕೊಂಬಿನ ಹುಡಿ ಮೆತ್ತಿದ ಗಡ್ಡದಲ್ಲೇ ನಕ್ಕು ಸುಮ್ಮನಾಗುತ್ತಿದ್ದ. ಮಕ್ಕಳಿರಲಿಲ್ಲ. ಅವರಿಬ್ಬರೂ ಒಬ್ಬರಿಗೊಬ್ಬರು ಸಾಕಾಗಿದ್ದರು, ಅದನ್ನು ನೋಡಿ ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಆಮೇಲೆ ಪರರಾಜ್ಯದ ಸೈನ್ಯ ಬಂತು. ಅವರಿಗೂ ನಮ್ಮ ರಾಜ್ಯಕ್ಕೂ ಎಲ್ಲೋ ದೂರದಲ್ಲಿ ಯುದ್ಧ ನಡೆದು, ನಾವು ಸೋತಿದ್ದೆವಂತೆ. ಚೌಕದ ಹೋಟೆಲಿನಲ್ಲಿ ಇಳಿದುಕೊಂಡ ಅವರ ಅಧಿಕಾರಿ ಮೊದಲ ದಿನವೇ ಮೇಜಿನ ದೀಪದ ಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿಸಿ, ಕೊನೆಗೆ ಹೋಟೆಲಿನ ಕೆಲಸದವಳು ಬಂದು ಉಫ್ ಎಂದಾಗ ಅದು ಆರಿದ್ದನ್ನು ಕಂಡು ತಲೆ ಕೆರೆದುಕೊಂಡ. ಅವರಿಗೆ ಅದರ ಮೇಲೆ ಯೋಚಿಸಲು ಪುರಸೊತ್ತಿರಲಿಲ್ಲ. ಯಹೂದಿಗಳು ತೋಳಿಗೆ ಗುರುತಿನ ಬಟ್ಟೆ ಕಟ್ಟಬೇಕೆಂದರು. ಚೌಕದ ಪಕ್ಕದ ಹಾದಿಯಲ್ಲಿ ನಡೆಯಬಾರದೆಂದರು. ಅವರ ಪ್ರಾರ್ಥನಾಮಂದಿರದಲ್ಲಿ ಕುದುರೆ ಕಟ್ಟಿದರು. ಊರಿನವರು ಮೊದಲು ಅಯ್ಯೋ ಎಂದರು, ಆಮೇಲೆ ಪಾಪ ಎಂದರು, ಆಮೇಲೆ ಸುಮ್ಮನಾದರು.

ಎಲೆ ಉದುರುವ ಕಾಲಕ್ಕೆ ಓಣಿಯ ಗಂಡಸರನ್ನೆಲ್ಲ ರಸ್ತೆ ಕೆಲಸಕ್ಕೆಂದು ಕರೆದರು. ಹೊರಡುವ ಮುಂಚೆ ಊರಿನ ರೂಢಿಯಂತೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಒಂದೊಂದು ದೀಪ ಹಚ್ಚಿಟ್ಟರು. ಹಿರ್ಷ್ ಹಚ್ಚಿದ್ದು ಒಂದು ಸಣ್ಣ ಮಣ್ಣಿನ ಹಣತೆ. ಆ ದಿನ ಅವನು ಎಂದಿಗಿಂತ ಹೆಚ್ಚು ಮಾತಾಡಿದನೆಂದು ಗಿಟ್ಟೆಲ್ ಆಮೇಲೆ ಹೇಳಿದಳು. ಹಿಮ ಬೀಳುವುದರೊಳಗೆ ಬಂದುಬಿಡುತ್ತೇನೆ, ಎಣ್ಣೆ ದುಂದು ಮಾಡಬೇಡ ಎಂದನಂತೆ. ಆ ಸಂಜೆ ಓಣಿಯ ಕಿಟಕಿಗಳೆಲ್ಲ ಹಬ್ಬದ ಹಾಗೆ ಬೆಳಗಿದವು. ಬೀದಿಯಲ್ಲಿ ಒಬ್ಬ ಗಂಡಸಿರಲಿಲ್ಲ.

ಹಿಮ ಬಿತ್ತು, ಅವರು ಬರಲಿಲ್ಲ. ಬದಲಿಗೆ ಒಂದು ಶನಿವಾರ ಬೆಳಕು ಹರಿಯುವಾಗ ಲಾರಿಗಳು ಬಂದವು. ಹೆಂಗಸರು, ಮಕ್ಕಳು, ಕೈಲಾಗದ ಮುದುಕರು, ಎಲ್ಲರನ್ನೂ ಹತ್ತಿಸಿಕೊಳ್ಳತೊಡಗಿದರು. ಗಿಟ್ಟೆಲ್ ಹಿತ್ತಿಲ ಗೋಡೆ ಹಾರಿ ನಮ್ಮ ಭಟ್ಟಿಮನೆಯ ಬಾಗಿಲಲ್ಲಿ ನಿಂತಳು. ಶನಿವಾರ ಬೆಂಕಿಗೆ ಕೈ ಹಾಕದವಳು, ಶನಿವಾರವೇ ಗಂಡನ ಹಣತೆಯನ್ನು ಶಾಲಿನೊಳಗೆ ಎದೆಗವಚಿಕೊಂಡು ಬಂದಿದ್ದಳು. ಶಾಲು ಸುಟ್ಟ ವಾಸನೆ ಬರುತ್ತಿತ್ತು. ನಾನು ಲುಬಾನರ ಮುಖ ನೋಡಿದೆ. ನನ್ನ ಗಂಡ ಹುಟ್ಟಾ ಹೆದರುಪುಕ್ಕಲು. ಪೇಟೆಯಲ್ಲಿ ಪೊಲೀಸಿನವನು ಸೀನಿದರೂ ಮನೆಗೆ ಓಡಿ ಬರುತ್ತಾರೆ. ಆದರೆ ಆ ಬೆಳಿಗ್ಗೆ ಭಟ್ಟಿಯ ಮೇಲಿನ ಅಟ್ಟಕ್ಕೆ ಏಣಿ ಇಟ್ಟವರು ಅವರೇ.

ಆ ಮಧ್ಯಾಹ್ನ ಗಡಿಗೆಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಭಟ್ಟಿಯ ಬಾಗಿಲು ತೆಗೆದಾಗ ಅವು ಸಾಲಾಗಿ ಕೂತಿದ್ದವು, ಗಿಟ್ಟೆಲ್‌ಳದ್ದು ಎಂದಿನಂತೆ ಉಕ್ಕಿತ್ತು. ತಿನ್ನಲು ನನಗೆ ಬಾಯಿ ಬರಲಿಲ್ಲ, ಎಸೆಯಲು ಕೈ ಬರಲಿಲ್ಲ. ಅನ್ನ ಹಾಳು ಮಾಡಬಾರದು ಎಂದು ಗಿಟ್ಟೆಲ್ಲೇ ಹೇಳಿದಳು. ಇದು ಇಂಥವಳದು, ಇದು ಇಂಥವಳದು, ಇವಳು ಬೆಳ್ಳುಳ್ಳಿ ಹೆಚ್ಚು ಹಾಕುತ್ತಾಳೆ ಎನ್ನುತ್ತ ಒಂದೊಂದರಿಂದಲೂ ಒಂದೊಂದು ತುತ್ತು ತಿಂದಳು. ಆ ವಾರವೆಲ್ಲ ನಾವು ಮೂವರೂ ಅದನ್ನೇ ತಿಂದೆವು.

ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಓಣಿಯ ಮನೆಗಳಿಗೆ ನಮ್ಮವರೇ ಹೊಕ್ಕರು. ಮಂಚ ಅವರದು, ಬೀರು ಅವರದು, ಗೂಡಿನಲ್ಲಿ ದೀಪವೂ ಅವರದು. ಮಂಚದಲ್ಲಿ ಮಲಗಬಹುದು, ದೀಪ ಆರಿಸುವುದು ಹೇಗೆ? ಆ ಬೆಳಕಿನಲ್ಲಿ ನಿದ್ದೆ ಬರುವುದಿಲ್ಲವೆಂದು ಒಬ್ಬಳು ನನ್ನ ಅಂಗಡಿಯಲ್ಲೇ ನಿಂತು ದೂರಿದಳು. ಇನ್ನೊಬ್ಬಳು, ಅದರ ಮೇಲೆ ಒಂದು ಪಾತ್ರೆ ಕವುಚಿಡಮ್ಮ, ನಾವು ಹಾಗೇ ಮಾಡಿದ್ದೇವೆ ಎಂದಳು. ಓಣಿಯ ಎಲ್ಲ ಮನೆಯಲ್ಲೂ ಪಾತ್ರೆ ಕವುಚಿದರು. ಸುದ್ದಿ ಒಳ್ಳೆಯದೇ, ದೀಪ ಉರಿಯುತ್ತಿದೆ ಎಂದರೆ ಅವರು ಎಲ್ಲೋ ಚೆನ್ನಾಗಿಯೇ ಇದ್ದಾರೆ ಎಂದು ಹೇಳಿಕೊಂಡು ಮಲಗಿದರು.

ನಾವು ಹಿರ್ಷ್‌ನ ಹಣತೆಯನ್ನು ಭಟ್ಟಿಮನೆಯ ಗೋಡೆಯ ಗೂಡಿನಲ್ಲಿಟ್ಟೆವು. ಅಟ್ಟದಲ್ಲಿ ಹುಲ್ಲು, ಹಿಟ್ಟಿನ ಮೂಟೆ. ಅಲ್ಲಿ ಬೆಂಕಿ ಇಡುವಂತಿರಲಿಲ್ಲ, ಹೆಂಚಿನ ಸಂದಿಯಿಂದ ಬೆಳಕೂ ಕಾಣುತ್ತಿತ್ತು. ಅಟ್ಟದ ಹಲಗೆಗಳ ನಡುವೆ ಒಂದು ಬಿರುಕಿತ್ತು. ಮುಖ ಅಡಿ ಹಾಕಿ ಮಲಗಿದರೆ ಅಲ್ಲಿಂದ ಗೂಡು ನೇರವಾಗಿ ಕಾಣುತ್ತಿತ್ತು. ಗಿಟ್ಟೆಲ್ ಮುಂಜಾನೆ ಕೆಳಗಿಳಿದು ನನ್ನ ಜೊತೆ ಹಿಟ್ಟು ನಾದುವಳು, ಗಿರಾಕಿಗಳು ಬರುವ ಮುಂಚೆ ಮೇಲೆ ಹತ್ತಿ ಮಲಗುವಳು. ಎದ್ದ ಕೂಡಲೇ ಆ ಬಿರುಕಿಗೆ ಕಣ್ಣಿಟ್ಟು, ಇವತ್ತು ಊಟ ಆಯಿತಾ, ಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೊಂಡಿದ್ದೀರಾ ಎಂದು ದೀಪವನ್ನು ಪಿಸುದನಿಯಲ್ಲಿ ವಿಚಾರಿಸುವಳು. ನನ್ನ ಗಂಡ ಎದುರಿಗಿದ್ದಾಗಲೂ ನಾನು ಅವರನ್ನು ಅಷ್ಟು ವಿಚಾರಿಸಿದವಳಲ್ಲ.

ಚಳಿ ಕಡುವಾಗಿ ನದಿ ಹೆಪ್ಪುಗಟ್ಟಿದ್ದ ಒಂದು ಮಂಗಳವಾರ ಮಧ್ಯಾಹ್ನ, ನಾನು ಮರುದಿನಕ್ಕೆ ಹುಳಿಹಿಟ್ಟು ಕಲಸುತ್ತಿದ್ದೆ. ಗೂಡಿನ ಕಡೆ ಬೆನ್ನಿತ್ತು. ಎದುರಿನ ಗೋಡೆಯ ಮೇಲಿದ್ದ ನನ್ನ ನೆರಳು ಮಾಯವಾದದ್ದರಿಂದ ತಿರುಗಿ ನೋಡಿದೆ. ಹಣತೆಯಲ್ಲಿ ಎಣ್ಣೆ ತುಂಬ ಇತ್ತು. ಬತ್ತಿಯ ತುದಿಯಿಂದ ಒಂದು ಎಳೆ ಹೊಗೆ ಏಳುತ್ತಿತ್ತು.

ಮೇಲೆ ಗಿಟ್ಟೆಲ್ ಮಲಗಿದ್ದಳು, ಉಸಿರು ಕೇಳುತ್ತಿತ್ತು. ಮುಂದಿನ ಅಂಗಡಿಯಲ್ಲಿ ಲುಬಾನ್ ಸೈನಿಕರ ಅಡುಗೆಯವನಿಗೆ ರೊಟ್ಟಿ ತೂಗಿ ಕೊಡುತ್ತಿದ್ದರು. ಅವಳು ಎದ್ದು ನೋಡಿ ಒಂದು ಸಲ ಚೀರಿದರೆ ಮೂವರೂ ಹೋಗುತ್ತೇವೆ. ಆ ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಷ್ಟೇ ಆಗಿದ್ದರೆ ಸಂಜೆ ಹೇಳಬಹುದಿತ್ತು. ಅವಳು ಆ ಬಿರುಕಿಗೆ ಕಣ್ಣಿಟ್ಟು ಕತ್ತಲೆಯನ್ನು ನೋಡುವುದು ನನ್ನಿಂದ ತಡೆಯಲಾಗಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ಕಡ್ಡಿ ಗೀರಿ ಹಣತೆ ಹಚ್ಚಿದೆ. ಅದು ಉರಿಯಿತು. ಯಾರು ಹಚ್ಚಿದ್ದೆಂದು ದೀಪದ ಮುಖದಲ್ಲಿ ಬರೆದಿರುವುದಿಲ್ಲ.

ಅದೇ ದಿನ ಸಂಜೆ ಓಣಿಯ ಮನೆಗಳಿಗೆ ಹೊಕ್ಕಿದ್ದ ಹೆಂಗಸರು ರೊಟ್ಟಿಗೆ ಬಂದರು. ದೀಪದ ಬೆಳಕಿಗೆ ನಿದ್ದೆ ಬರುವುದಿಲ್ಲವೆಂದು ದೂರಿದ್ದವಳನ್ನು ನಾನೇ ಕೇಳಿದೆ, ದೀಪ ಹೇಗಿದೆಯಮ್ಮ ಎಂದು. ಅವಳು ಚಿಲ್ಲರೆ ಎಣಿಸುತ್ತ, ನಮ್ಮ ಮನೆಯ ಪಾತ್ರೆ ಅಡುಗೆಗೆ ಬೇಕಿತ್ತು, ತೆಗೆದುಬಿಟ್ಟೆ ಎಂದಳು. ಆ ವಾರ ಓಣಿಯ ಎಲ್ಲ ಮನೆಗಳ ಪಾತ್ರೆಗಳೂ ಅಡುಗೆಮನೆಗೆ ಮರಳಿದವು. ಎಲ್ಲರಿಗೂ ಗೊತ್ತಾಯಿತು, ಯಾರೂ ಆಡಲಿಲ್ಲ. ರಸ್ತೆ ಕೆಲಸ ಮುಗಿದಿರಬೇಕು ಎಂದು ಒಬ್ಬ ಮುದುಕ ಹೇಳಿದ್ದನ್ನು ಮಾತ್ರ ಕೇಳಿದೆ. ಅವನ ಮೇಲೆ ತಟ್ಟೆ ಬೀಸಿ ಎಸೆಯಬೇಕೆನಿಸಿತು.

ಲುಬಾನರಿಗೆ ನಾನು ಹೇಳಿದೆ. ಅವಳಿಗೆ ಹೇಳು, ಬಚ್ಚಿಡುವ ವಿಷಯವಲ್ಲ ಎಂದರು. ಹೇಳುತ್ತೇನೆ ಎಂದೆ. ನಾಳೆ ಎಂದೆ, ಅವಳ ಜ್ವರ ಇಳಿಯಲಿ ಎಂದೆ, ಚಳಿ ಮುರಿಯಲಿ ಎಂದೆ. ದಿನವೂ ಅವಳು ಎದ್ದು ನಾನು ಹಚ್ಚಿದ ದೀಪವನ್ನು ಊಟ ಆಯಿತಾ ಎಂದು ಕೇಳುವಳು. ಒಂದು ಬೆಳಿಗ್ಗೆ ಕಣಕ ನಾದುತ್ತ, ನೋಡು ಒಲಿನಕ್ಕ, ಮುಂಚಿಗಿಂತ ಚೆನ್ನಾಗಿ ಉರಿಯುತ್ತಿದೆ, ಅಲ್ಲಿ ಹೊಟ್ಟೆಗೆ ಸರಿಯಾಗಿ ಕೊಡುತ್ತಿದ್ದಾರೆ ಎಂದು ಕಾಣುತ್ತದೆ ಎಂದು ನಕ್ಕಳು. ನಾನೂ ನಕ್ಕೆ. ಬಾಯಲ್ಲಿ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ನದಿ ಕರಗಿತು. ದೋಣಿಯ ಯಾರೆಕ್ ನಮ್ಮ ಹಳೇ ಗಿರಾಕಿ. ಆಚೆ ದಡದ ರಾಜ್ಯಕ್ಕೆ ಯುದ್ಧವಿರಲಿಲ್ಲ, ಮೀನಿನ ಬುಟ್ಟಿಗಳ ಅಡಿಯಲ್ಲಿ ಒಬ್ಬಳನ್ನು ದಾಟಿಸುತ್ತೇನೆ ಎಂದ. ಗಿಟ್ಟೆಲ್ ಒಪ್ಪಲಿಲ್ಲ. "ಅವ್ರು ಬಂದ್ರೆ ಈ ಬಾಗ್ಲಿಗೇ ಬರ್ತಾರೆ ಅಕ್ಕ. ಆ ದಡದಲ್ಲಿ ನನ್ನ ಎಲ್ಲಂತ ಹುಡುಕ್ತಾರೆ? ಉರೀತಾ ಇರೋ ದೀಪ ಬಿಟ್ಟು ಹೆಂಗೆ ಹೋಗ್ಲಿ?" ಎಂದಳು. ಅವಳನ್ನು ಉಳಿಸಲು ಹಚ್ಚಿದ ಬೆಂಕಿಯೇ ಅವಳನ್ನು ಕಟ್ಟಿಹಾಕಿತ್ತು. ಯಾರೆಕ್ ಬರಿಗೈಲಿ ಹೋದ. ಆ ಹೊತ್ತಿಗೂ ನಾನು ಬಾಯಿ ಬಿಡಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಅಷ್ಟರಲ್ಲಿ ಸೈನಿಕರು ಹೊಸ ವಿದ್ಯೆ ಕಲಿತರು. ಅವರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಹೊರಗಿನವರಿಗೆ ತಾವಾಗಿ ಹೊಳೆಯುವ ವಿಷಯವಲ್ಲ ಅದು. ಮನೆಮನೆಗೆ ಬಂದು, ಮನೆಯವರನ್ನು ನಿಲ್ಲಿಸಿ, ಉರಿಯುತ್ತಿರುವ ಪ್ರತಿಯೊಂದು ಬೆಂಕಿಯನ್ನೂ ಅವರಿಂದಲೇ ಆರಿಸುವುದು. ಆರದ ಬೆಂಕಿ ಸಿಕ್ಕಿದರೆ, ಹಚ್ಚಿದವರು ಇಲ್ಲೇ ಎಲ್ಲೋ ಜೀವಂತವಾಗಿದ್ದಾರೆ, ಹೊರಗೆ ತೆಗೆಯಿರಿ ಎನ್ನುವುದು. ಚಮ್ಮಾರ ಬೀದಿಯಲ್ಲಿ ಒಂದು ಒಲೆ ಆರಲಿಲ್ಲ. ನೆಲಮಾಳಿಗೆಯಿಂದ ಒಬ್ಬ ಮುದುಕಿಯನ್ನು ಎಳೆದು ತಂದರು. ಅವಳನ್ನೂ ಇಟ್ಟುಕೊಂಡಿದ್ದ ಗಂಡಹೆಂಡಿರನ್ನೂ ಮನೆಯ ಮುಂದೆಯೇ ಗುಂಡಿಟ್ಟು ಕೊಂದರು.

ಇದನ್ನು ಕೇಳಿದ ದಿನ ಗಿಟ್ಟೆಲ್ ಹಿಟ್ಟಿನ ಬಾನಿಯಿಂದ ಕೈ ತೆಗೆದಳು. ಗೂಡಿನ ಕಡೆ ನೋಡಿದಳು. ಆ ದೀಪ ಎಲ್ಲರನ್ನೂ ಕೊಲ್ಲುತ್ತದೆಂದು ಅವಳಿಗೆ ಅರ್ಥವಾಗಿತ್ತು. ಯಾರೆಕ್‌ಗೆ ಹೇಳಿಕಳಿಸು, ದೀಪ ಎತ್ತಿಕೊಂಡು ನಾನೇ ಹೋಗುತ್ತೇನೆ, ನಿಮ್ಮಿಬ್ಬರ ತಲೆ ಮೇಲೆ ಇದನ್ನು ಇಡಲಾರೆ ಎಂದಳು. ಲುಬಾನ್ ನನ್ನ ಮುಖ ನೋಡಿದರು. ದೋಣಿ ಹತ್ತಿಸುವಾಗ ಹೇಳಿಬಿಡುತ್ತೇನೆ ಎಂದು ಅವರಿಗೆ ಕಣ್ಣಲ್ಲೇ ಮಾತು ಕೊಟ್ಟೆ. ಮರುದಿನ ಮುಸ್ಸಂಜೆಗೆ ದೋಣಿ ಎಂದು ಗೊತ್ತಾಯಿತು.

ಮರುದಿನ ಮುಸ್ಸಂಜೆಗೆ ಮುಂಚೆಯೇ ಅವರು ನಮ್ಮ ಬೀದಿಗೆ ಬಂದರು. ಹವಾಲ್ದಾರನೊಬ್ಬ, ಹಿಂದೆ ಬಂದೂಕಿನವರು. ನಾನು ಆಗಷ್ಟೇ ಸಂಜೆಯ ರೊಟ್ಟಿಯನ್ನು ಭಟ್ಟಿಗೆ ತಳ್ಳಿದ್ದೆ. ಹವಾಲ್ದಾರ ಸಿಡುಕನೇನಲ್ಲ, ನಮ್ಮ ಭಾಷೆಯನ್ನು ಅರ್ಧಂಬರ್ಧ ಆಡುತ್ತಿದ್ದ, ನಮ್ಮ ರೊಟ್ಟಿ ತಿಂದವನೇ. ಮುಂದಿನ ಅಂಗಡಿಯ ದೀಪವನ್ನು ಲುಬಾನ್ ಆರಿಸಿದರು. ಅಡುಗೆಮನೆಯ ಒಲೆಯನ್ನು ನಾನು ಆರಿಸಿದೆ. ಆಮೇಲೆ ಭಟ್ಟಿಮನೆಗೆ ಬಂದರು. ಭಟ್ಟಿ ತಣ್ಣಗಾದರೆ ಅವರಿಗೇ ರಾತ್ರಿ ರೊಟ್ಟಿ ಇಲ್ಲವೆಂದು ಹವಾಲ್ದಾರ ಅದನ್ನು ಬಿಟ್ಟ. ಅವನ ಕಣ್ಣು ಗೂಡಿನ ಮೇಲೆ ಬಿತ್ತು.

"ಈ ದೀಪ. ಯಾರು ಹಚ್ಚಿದ್ದು?" ಎಂದ.

"ನಾನೇ" ಎಂದೆ.

"ಹಾಗಾದರೆ ಊದು."

ಊದಿದರೆ ಆರುತ್ತದೆಂದು ನನಗೆ ಗೊತ್ತು, ಲುಬಾನರಿಗೆ ಗೊತ್ತು. ಮೇಲೆ ಬಿರುಕಿಗೆ ಕಣ್ಣಿಟ್ಟು ಮಲಗಿದ್ದವಳಿಗೆ ಮಾತ್ರ ಗೊತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅದು ಹಿರ್ಷ್‌ನ ದೀಪ, ನಾನು ಎಷ್ಟು ಊದಿದರೂ ಆರುವುದಿಲ್ಲ, ನಾವಿಬ್ಬರೂ ಸತ್ತೆವು. ಆಗ ಅಟ್ಟದ ಹಲಗೆ ಕಿರ್ ಎಂದಿತು. ಅವಳು ಏಳುತ್ತಿದ್ದಳು. ಕೆಳಗಿಳಿದು ಬಂದು, ಈ ದೀಪ ನನ್ನ ಮನೆಯದು, ಇವರಿಗೇನೂ ಗೊತ್ತಿಲ್ಲ ಎಂದು ಹೇಳಿ ನಮ್ಮನ್ನು ಬಿಡಿಸಲು ಏಳುತ್ತಿದ್ದಳು. ನನಗದು ಆ ಕ್ಷಣವೇ ತಿಳಿಯಿತು, ಏಕೆಂದರೆ ಗಿಟ್ಟೆಲ್ ಬೇರೇನು ಮಾಡಲು ಸಾಧ್ಯವಿತ್ತು? ಹವಾಲ್ದಾರ ತಲೆಯೆತ್ತಿದ. ಲುಬಾನ್, ನನ್ನ ಹೆದರುಪುಕ್ಕಲು ಗಂಡ, ಹಾಳು ಇಲಿಗಳು ಎಂದು ಬೇಸರದಿಂದ ಗೊಣಗಿದರು. ಇನ್ನೊಂದು ಹಲಗೆ ಸದ್ದಾಗುವುದರೊಳಗೆ ನಾನು ಮುಂದೆ ಹೋಗಿ ಊದಿದೆ.

ಒಂದೇ ಉಸಿರಿಗೆ ಆರಿತು. ಮೇಲಿನ ಸದ್ದು ನಿಂತಿತು.

ಹವಾಲ್ದಾರ ತಲೆಯಾಡಿಸಿದ. ರೊಟ್ಟಿಯ ವಾಸನೆ ಚೆನ್ನಾಗಿದೆ, ಬೆಂದ ಮೇಲೆ ಕಳಿಸು ಎಂದ. ಬೂಟಿನ ಸಪ್ಪಳ ಪಕ್ಕದ ಮನೆಗೆ ಹೋಯಿತು. ಲುಬಾನ್ ಅಂಗಡಿಯ ಬಾಗಿಲು ಹಾಕಿ ಅಗಳಿ ಜಡಿದರು. ಏಣಿಯನ್ನೂ ಅವರೇ ಇಟ್ಟರು. ಗಿಟ್ಟೆಲ್ ನಿಧಾನವಾಗಿ ಇಳಿದು ಬಂದಳು. ಕೆನ್ನೆಯ ಮೇಲೆ ಹಲಗೆಯ ಗೆರೆ ಮೂಡಿತ್ತು. ನೇರವಾಗಿ ಗೂಡಿನ ಹತ್ತಿರ ಹೋಗಿ ಬತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಯಾವತ್ತು?" ಎಂದಳು.

ಚಳಿಗಾಲದಲ್ಲಿ, ನದಿ ಇನ್ನೂ ಹೆಪ್ಪುಗಟ್ಟಿದ್ದಾಗ, ಒಂದು ಮಂಗಳವಾರ ಮಧ್ಯಾಹ್ನ ಎಂದೆ. ನೀನು ಮಲಗಿದ್ದೆ ಎಂದೆ. ಅವಳ ಕೈ ಆಗಲೇ ಕುಪ್ಪಸದ ಕೊರಳಪಟ್ಟಿಗೆ ಹೋಗಿ ಬಟ್ಟೆಯನ್ನು ಹಿಡಿದಿತ್ತು. ಸತ್ತವರಿಗಾಗಿ ಅವರು ಬಟ್ಟೆ ಹರಿದುಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಅವಳು ಹರಿಯಲಿಲ್ಲ. ಕಣ್ಣು ಮುಚ್ಚಿ ತುಟಿಯಲ್ಲೇ ವಾರಗಳನ್ನು ಲೆಕ್ಕ ಹಾಕಿದಳು. ಆಮೇಲೆ ಹಿಡಿದಿದ್ದ ಬಟ್ಟೆಯನ್ನು ಬಿಟ್ಟು, ಮುದುರಿದ್ದನ್ನು ಅಂಗೈಯಿಂದ ನೇವರಿಸಿ ಸರಿಮಾಡಿದಳು.

"ಮೂವತ್ತು ದಿನದೊಳಗೆ ಗೊತ್ತಾಗಿದ್ರೆ ಏಳು ದಿನ ನೆಲದ ಮೇಲೆ ಕೂತು ಅವ್ರಿಗೆ ಅಳ್ಬಹುದಿತ್ತು, ಒಲಿನಕ್ಕ. ಅದು ದಾಟಿದ ಮೇಲೆ ಸುದ್ದಿ ಬಂದ್ರೆ ನಮ್ಮಲ್ಲಿ ಒಂದೇ ಒಂದು ಗಂಟೆ. ಬಟ್ಟೆ ಹರ್ಕೊಳ್ಳೋ ಹಾಗೂ ಇಲ್ಲ."

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನಿನ್ನ ಒಳ್ಳೆಯದಕ್ಕೆಂದೇ ಎಂದು ಏನೋ ಹೇಳಹೊರಟೆ. ಗೊತ್ತು ಎಂದಳು. ಅವಳ ಏಳು ದಿನಗಳನ್ನು ನಾನು ತಿಂದುಹಾಕಿದ್ದೆ. ಊಟ ಆಯಿತಾ ಎಂದು ಕೇಳಿಸಿ, ನಗಿಸಿ, ತಲೆ ಬಾಚಿಸಿ ಕಳೆದುಬಿಟ್ಟಿದ್ದೆ. ಇನ್ನು ಹಿರ್ಷ್‌ನ ಪಾಲಿಗೆ ಉಳಿದದ್ದು ದೋಣಿ ಬರುವುದರೊಳಗಿನ ಒಂದು ಗಂಟೆ.

ಅವಳು ಸಾವಿಗೆ ಕೂರುವ ಅವರ ಪದ್ಧತಿಯಂತೆ ಬೂಟು ಕಳಚಿ ಪಕ್ಕಕ್ಕಿಟ್ಟು, ಭಟ್ಟಿಯ ಮುಂದೆ ಹಿಟ್ಟು ಚೆಲ್ಲಿದ್ದ ನೆಲದ ಮೇಲೆ ಕೂತಳು. ಮಂಡಿಗೆ ಹಣೆ ಹಚ್ಚಿದಳು. ದನಿ ಹೊರಗೆ ಹೋಗದ ಹಾಗೆ ಶಾಲಿನ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು, ಹೆಗಲೆರಡೂ ಕುಲುಕಿ ಕುಲುಕಿ ನಿಲ್ಲುತ್ತಿದ್ದವು. ಅವಳ ಪಕ್ಕ ಕೂರಲು ನನಗೆ ಧೈರ್ಯ ಬರಲಿಲ್ಲ, ಗೋಡೆಗೆ ಒರಗಿ ನಿಂತೇ ಅತ್ತೆ. ನಮ್ಮ ಭಟ್ಟಿಯಲ್ಲಿ ಒಂದು ಸಲದ ರೊಟ್ಟಿ ಬೇಯುವುದಕ್ಕೂ ಹೆಚ್ಚುಕಡಿಮೆ ಒಂದು ಗಂಟೆಯೇ ಹಿಡಿಯುತ್ತದೆ. ಅದು ಅವಳಿಗೂ ಗೊತ್ತು, ಎಷ್ಟು ಮುಂಜಾನೆ ನನ್ನ ಜೊತೆ ಬೇಯಿಸಿದವಳು.

ರೊಟ್ಟಿ ಬೆಂದ ಘಮ ಬಂತು. ಲುಬಾನ್ ರೊಟ್ಟಿ ತೆಗೆಯುವ ಉದ್ದನೆಯ ಮರದ ಹಲಗೆ ಕೈಯಲ್ಲಿ ಹಿಡಿದು ಭಟ್ಟಿಯ ಬಾಗಿಲಲ್ಲಿ ನಿಂತಿದ್ದರು. ತೆಗೆಯಲಿಲ್ಲ. ಒಂದು ಚೂರು ಹಿಟ್ಟು ಚೆಲ್ಲಿದರೂ ನನ್ನ ಪ್ರಾಣ ಹಿಂಡುವ ಮನುಷ್ಯ. ಘಮ ದಟ್ಟವಾಯಿತು, ಆಮೇಲೆ ಕಹಿಯಾಯಿತು. ಭಟ್ಟಿಯ ಬಾಯಿಂದ ಕಪ್ಪು ಹೊಗೆ ಸುರುಳಿ ಬಿಟ್ಟಿತು. ಆದರೂ ಅವರು ಅಲ್ಲಾಡಲಿಲ್ಲ.

ಗಿಟ್ಟೆಲ್ ತಲೆ ಎತ್ತಿದಳು. "ಭಾವ, ರೊಟ್ಟಿ ಸೀಯ್ತಾ ಇದೆ, ತೆಗೀರಿ" ಎಂದಳು, ಮತ್ತು ಕೈ ಚಾಚಿ ಬೂಟು ಎಳೆದುಕೊಂಡಳು.